ಬಿಜಾಪುರದ ಫೆರಿಷ್ತಾ: ನಾವು ಓದದೆ ಬಿಟ್ಟ ಪುಸ್ತಕ

ಬಹಮನಿ ಸುಲ್ತಾನರ ಬಗ್ಗೆ, ರಾಯಚೂರು ದೋಆಬಿನ ಯುದ್ಧಗಳ ಬಗ್ಗೆ, ತಾಳಿಕೋಟೆಯ ಬಗ್ಗೆ ಯಾರೇ ಬರೆಯಲಿ, ಒಂದು ಹೆಸರು ಬಂದೇ ಬರುತ್ತದೆ: ಫೆರಿಷ್ತಾ. ಅವನ ಹೆಸರನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಆದರೆ ಈತ ಯಾರು, ಎಲ್ಲಿಂದ ಬಂದ, ಇತಿಹಾಸವಲ್ಲದೆ ಇನ್ನೇನು ಬರೆದ ಎಂದು ಕೇಳಿದವರು ಕಡಿಮೆ. ಇರಾನಿನಲ್ಲಿ ಹುಟ್ಟಿ ಕನ್ನಡ ನಾಡಿನಲ್ಲಿ ಬಾಳಿದ ಈತ ವೈದ್ಯಶಾಸ್ತ್ರ ಬಲ್ಲವನಾಗಿದ್ದ, ಸೈನಿಕನಾಗಿದ್ದ, ರಾಯಭಾರಿಯೂ ಆಗಿದ್ದ.

ಅವನ ಪೂರ್ಣ ಹೆಸರು ಮುಹಮ್ಮದ್ ಕಾಸಿಮ್ ಹಿಂದೂಶಾಹ್. ಹುಟ್ಟೂರು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದ್, ಅಂದರೆ ಇಂದಿನ ಗೊರ್ಗಾನ್. ತಂದೆ ಗುಲಾಮ್ ಅಲಿ ವಿದ್ವಾಂಸರು. ಅಹ್ಮದ್‌ನಗರದ ರಾಜಕುಮಾರ ಮೀರಾನ್ ಹುಸೇನನಿಗೆ ಫಾರಸಿ ಕಲಿಸಲು ಅವರು ದಖ್ಖನಿಗೆ ಬಂದಾಗ ಮಗನೂ ಜೊತೆಯಲ್ಲಿದ್ದ. ರಾಜಕುಮಾರನೂ ಈ ಹುಡುಗನೂ ಒಟ್ಟಿಗೆ ಓದಿದರು. ಬೆಳೆದ ಮೇಲೆ ಫೆರಿಷ್ತಾ ಸುಲ್ತಾನ ಮುರ್ತಜಾ ನಿಜಾಮ್‌ಶಾಹನ ಕಾವಲು ಪಡೆಯ ನಾಯಕನಾದ. 1588ರಲ್ಲಿ ಅದೇ ಮೀರಾನ್ ಹುಸೇನ್ ತಂದೆಯನ್ನೇ ಕೊಲ್ಲಿಸಿ ಗದ್ದುಗೆ ಏರಿದ. ಸಹಪಾಠಿಯೆಂಬ ಕಾರಣಕ್ಕೆ ಫೆರಿಷ್ತಾನ ಜೀವ ಉಳಿಯಿತು.

ಆ ಉಸಿರಾಟ ಹೆಚ್ಚು ದಿನದ್ದಾಗಲಿಲ್ಲ. 1589ರಲ್ಲಿ ಮೀರಾನ್ ಹುಸೇನನೂ ಕೊಲೆಯಾದ. ಅದರ ಬೆನ್ನಿಗೇ ಇರಾನ್ ಮುಂತಾದ ಕಡೆಗಳಿಂದ ಬಂದ ‘ಆಫಾಕಿ’ಗಳ ಮೇಲೆ ಕತ್ತಿ ಬಿತ್ತು. ಊರಿನವರು, ಹೊರಗಿನವರು ಎಂಬ ಜಗಳ ದಖ್ಖನಿನ ದರಬಾರುಗಳಲ್ಲಿ ಅದೆಷ್ಟೋ ರಕ್ತ ಕುಡಿದಿದೆ. ಕೊಂದವರೂ ಸತ್ತವರೂ ಒಂದೇ ಮಸೀದಿಯ ಸಾಲಿನಲ್ಲಿ ನಿಲ್ಲಬಹುದಾದವರು ಎಂಬುದನ್ನು ನಾವು ಮರೆಯುವಂತಿಲ್ಲ. ಫೆರಿಷ್ತಾ ಆ ವರ್ಷದ ಕೊನೆಯಲ್ಲಿ ಬಿಜಾಪುರ ಸೇರಿದ. ಅವನನ್ನು ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗೆ ಪರಿಚಯಿಸಿದವನು ದಿಲಾವರ್ ಖಾನ್ ಎಂಬ ಹಬಶಿ. ಹೊರಗಿನವನೆಂದು ಒಂದು ಊರು ಅಟ್ಟಿದವನಿಗೆ ಇನ್ನೊಂದು ಊರಿನಲ್ಲಿ ಬಾಗಿಲು ತೆರೆದವನು ಆಫ್ರಿಕಾ ಮೂಲದವನು!

‘ಜಗದ್ಗುರು’ ಎಂದು ಹೆಸರಾದ, ಕಿತಾಬೆ ನೌರಸ್‌ನಲ್ಲಿ ಸರಸ್ವತಿಯನ್ನು ನೆನೆದ ಸುಲ್ತಾನನ ದರಬಾರು ಅದು. ಅಲ್ಲಿ ಫೆರಿಷ್ತಾ ಯುದ್ಧಕ್ಕೂ ಹೋದ, ರಾಜಕಾರ್ಯಕ್ಕೂ ಹೋದ. 1604ರಲ್ಲಿ ಬಿಜಾಪುರದ ಬೇಗಂ ಸುಲ್ತಾನಾ ಅಕ್ಬರನ ಮಗ ದಾನಿಯಾಲನನ್ನು ಮದುವೆಯಾದಾಗ ಬುರ್ಹಾನ್‌ಪುರದವರೆಗೆ ಅವಳ ಜೊತೆ ಹೋದವರಲ್ಲಿ ಅವನೂ ಒಬ್ಬ. ಜಹಾಂಗೀರ್ ಪಟ್ಟಕ್ಕೆ ಬಂದ ಮೇಲೆ ಆದಿಲ್‌ಶಾಹಿಯ ಪರವಾಗಿ ಲಾಹೋರಿಗೂ ಹೋಗಿಬಂದ.

ಇಬ್ರಾಹಿಂ ಅವನ ಕೈಗೆ ‘ರೌಜತುಸ್ಸಫಾ’ ಎಂಬ ಫಾರಸಿ ಇತಿಹಾಸ ಗ್ರಂಥವನ್ನಿಟ್ಟು, ಹಿಂದೂಸ್ತಾನದ ಚರಿತ್ರೆಯನ್ನು ಸುಳ್ಳು, ಹೊಗಳಿಕೆ ಇಲ್ಲದೆ ಬರೆಯಲು ಹೇಳಿದ. 1606ರ ಸುಮಾರಿಗೆ ಮೊದಲ ರೂಪ ಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಫೆರಿಷ್ತಾ ಅದನ್ನು ತಿದ್ದಿ ಬೆಳೆಸಿದ.

ನಾವು ಓದದೆ ಬಿಟ್ಟದ್ದು ಅವನ ಇನ್ನೊಂದು ಕೃತಿ, ‘ದಸ್ತೂರುಲ್ ಅತಿಬ್ಬಾ’. ವೈದ್ಯರಿಗೊಂದು ಕೈಪಿಡಿ ಎಂದು ಹೇಳಬಹುದು. ಬರೆದ ಭಾಷೆ ಫಾರಸಿ. ಒಳಗಿರುವುದು ಈ ನೆಲದ ವೈದ್ಯ: ಬಿಡಿ ಔಷಧಿ, ಕೂಡಿಸಿದ ಔಷಧಿ, ರೋಗಕ್ಕೆ ತಕ್ಕ ಚಿಕಿತ್ಸೆ. ತನ್ನ ಹಿರಿಯರು ಬೂಅಲಿ ಸೀನಾನನ್ನು ಓದಿ ಬೆಳೆದವರು, ಇನ್ನೇನು ಬೇಕು ಎಂದು ಅವನು ಸುಮ್ಮನೆ ಕೂರಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಇಲ್ಲಿನ ವೈದ್ಯರ ವಿದ್ಯೆ ಫಾರಸಿ ಬಲ್ಲ ಹಕೀಮರಿಗೂ ಸಿಗಬೇಕೆಂದು ಬರೆದ.

ಈ ಕೊಡುಕೊಳ್ಳುವಿಕೆಯ ಗುರುತು ನಮ್ಮ ಶಿವಾಜಿನಗರದಲ್ಲೂ ಇದೆ. ಯುನಾನಿ ಔಷಧಿ ಅಂಗಡಿಗಳಲ್ಲಿ ‘ಇತ್ರೀಫಲ್’ ಎಂಬ ಲೇಹ್ಯ ಸಿಗುತ್ತದೆ. ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಅದು ಅಪ್ಪಟ ಅರಬ್ಬಿ ಮಾತಿನಂತೆ ಕೇಳುತ್ತದೆ. ಅದು ನಮ್ಮ ತ್ರಿಫಲಾ: ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಫೆರಿಷ್ತಾನಿಗಿಂತ ಎಷ್ಟೋ ಶತಮಾನ ಮೊದಲೇ ಈ ಪದ ಅರಬ್ಬಿ ವೈದ್ಯ ಗ್ರಂಥಗಳಿಗೆ ಹೋಗಿ, ವೇಷ ಬದಲಿಸಿಕೊಂಡು, ಹಕೀಮರ ಜೊತೆ ಮರಳಿ ಬಂತು. ಫೆರಿಷ್ತಾ ನಡೆದದ್ದು ಆಗಲೇ ಸವೆದಿದ್ದ ಆ ದಾರಿಯಲ್ಲೇ.

ಆದರೆ ಇಂದು ನಾವು ಫೆರಿಷ್ತಾನನ್ನು ಕರೆಯುವುದು ಯಾವುದಕ್ಕೆ? ಯಾವ ಸುಲ್ತಾನ ಎಷ್ಟು ಜನರನ್ನು ಕೊಂದ ಎಂದು ಲೆಕ್ಕ ಹೇಳಲು. ಒಬ್ಬರು ಆ ಲೆಕ್ಕವನ್ನು ಆರೋಪಕ್ಕೆ ಬಳಸಿದರೆ, ಇನ್ನೊಬ್ಬರು ಹೆಮ್ಮೆಗೆ ಬಳಸುತ್ತಾರೆ. ಬಹಮನಿಗಳ ಮೊದಲ ಯುದ್ಧಗಳು ಅವನಿಗಿಂತ ಇನ್ನೂರು ವರ್ಷ ಹಿಂದಿನವು. ಆ ಅಂಕಿಗಳಲ್ಲಿ ಉತ್ಪ್ರೇಕ್ಷೆ ಇದೆಯೆಂದು ಇತಿಹಾಸಕಾರರು ಎಚ್ಚರಿಸಿದ್ದಾರೆ. 1829ರಲ್ಲಿ ಅವನನ್ನು ಇಂಗ್ಲಿಷಿಗೆ ತಂದ ಜಾನ್ ಬ್ರಿಗ್ಸ್ ಸೂಫಿ ಸಂತರ ಕುರಿತ ಕೊನೆಯ ಅಧ್ಯಾಯವನ್ನು ಕೈಬಿಟ್ಟ. ಯುದ್ಧಗಳು ಉಳಿದವು, ಸಂತರು ಹೋದರು. ಮುಂದೆ ಬಹಳಷ್ಟು ಜನ ಓದಿದ್ದು ಆ ಅನುವಾದವನ್ನೇ.

ಫೆರಿಷ್ತಾನ ಇತಿಹಾಸವನ್ನು ಬದಿಗಿಡಬೇಕೆಂದು ನಾವು ಹೇಳುತ್ತಿಲ್ಲ. ಅದಿಲ್ಲದಿದ್ದರೆ ದಖ್ಖನಿನ ಎಷ್ಟೋ ಸಂಗತಿಗಳು ಕತ್ತಲಲ್ಲೇ ಉಳಿಯುತ್ತಿದ್ದವು. ಆದರೆ ಆ ಪುಸ್ತಕದ ಪಕ್ಕದಲ್ಲಿ ಅವನ ವೈದ್ಯಗ್ರಂಥವನ್ನೂ ಇಟ್ಟುಕೊಳ್ಳಬೇಕು. ಯುದ್ಧದ ಲೆಕ್ಕ ಬರೆದ ಕೈಯೇ ಈ ನೆಲದ ಬೇರು, ಕಾಯಿಗಳ ಗುಣವನ್ನೂ ಬರೆದಿಟ್ಟಿದೆ. ಮಕ್ಕಳ ಪಠ್ಯದಲ್ಲಿ ಅವನ ಹೆಸರು ಬಂದಾಗ ಈ ಎರಡನೆಯ ಮಾತನ್ನೂ ಸೇರಿಸಿ ಹೇಳುವ ಮೇಷ್ಟ್ರುಗಳು ನಮಗೆ ಬೇಕಾಗಿದ್ದಾರೆ.