ತಂತಿಯ ಉದ್ದ, ಅಲೆಯ ವಿಳಂಬ: ವಿದ್ಯುತ್ ಪ್ರಸರಣ ಮಾರ್ಗದ ಗಣಕ ಮಾದರಿ ನಡೆದುಬಂದ ದಾರಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಎಳೆದ ವಿದ್ಯುತ್ ಮಾರ್ಗದ ಉದ್ದ ಸುಮಾರು 148 ಕಿ.ಮೀ. ಅಲೆಯ ವೇಗ ಹೆಚ್ಚುಕಡಿಮೆ ಬೆಳಕಿನದೇ ಎಂದಿಟ್ಟುಕೊಂಡರೆ ಅದು ಆ ದೂರವನ್ನು ಅರ್ಧ ಮಿಲಿಸೆಕೆಂಡಿನಲ್ಲಿ ಕ್ರಮಿಸುತ್ತದೆ. ಅಲ್ಲಿ ಹರಿಯುತ್ತಿದ್ದುದು 25 ಹರ್ಟ್ಸ್ ವಿದ್ಯುತ್ತು. ಒಂದು ಆವರ್ತಕ್ಕೆ 40 ಮಿಲಿಸೆಕೆಂಡು ಬೇಕು. ಹಾಗಾಗಿ ನಿತ್ಯದ ಲೆಕ್ಕಕ್ಕೆ ಇಡೀ ಮಾರ್ಗವನ್ನು ನಡುವೆ ಒಂದು ರೋಧ, ಒಂದು ಪ್ರೇರಕ, ತುದಿಗೊಂದರಂತೆ ಧಾರಕವಿರುವ ‘ಪೈ’ ಮಂಡಲವೆಂದು ಬರೆದುಕೊಂಡರೆ ಸಾಕು. ಅದೇ ತಂತಿಗೆ ಸಿಡಿಲು ಬಡಿದಾಗ ಈ ಚಿತ್ರ ಕೈಕೊಡುತ್ತದೆ. ಸಿಡಿಲಿನ ಪ್ರವಾಹ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಶಿಖರ ಮುಟ್ಟುತ್ತದೆ. ಒಂದು ಮೈಕ್ರೋಸೆಕೆಂಡಿನಲ್ಲಿ ಅಲೆ ಸಾಗುವುದು 300 ಮೀಟರ್ ಮಾತ್ರ. ಒಂದು ತುದಿಯಲ್ಲಿ ನಡೆದದ್ದರ ಸುಳಿವೇ ಇನ್ನೊಂದಕ್ಕೆ ಆಗ ತಲುಪಿರುವುದಿಲ್ಲ.

ಈ ವಿಳಂಬವನ್ನು ಸಮೀಕರಣದಲ್ಲಿ ಹಿಡಿದವರು ಟೆಲಿಗ್ರಾಫ್ ಕಾಲದವರು. ವಿಲಿಯಂ ಥಾಮ್ಸನ್ 1855ರಲ್ಲಿ ಸಮುದ್ರದಡಿಯ ಕೇಬಲ್ಲಿಗೆ ರೋಧ, ಧಾರಕತೆ ಎರಡನ್ನೇ ಗಣಿಸಿದರು. ಅವರ ಸಮೀಕರಣದಲ್ಲಿ ಸಂಕೇತವು ಶಾಖದಂತೆ ಹರಡಿಕೊಳ್ಳುತ್ತಿತ್ತು. ಆಲಿವರ್ ಹೆವಿಸೈಡ್ 1876ರಿಂದ ಮುಂದಿನ ಬರಹಗಳಲ್ಲಿ ಪ್ರೇರಕತೆಯನ್ನೂ ಸೋರಿಕೆಯನ್ನೂ ಸೇರಿಸಿದ ಮೇಲೆ ಅದು ನಿಜವಾದ ಅಲೆಯಾಯಿತು.

ಆದರೆ ಗಣಕಕ್ಕೆ ಒಗ್ಗುವ ಮಾದರಿ ಬಂದದ್ದು ನೀರಿನ ಕೊಳವೆಯಿಂದ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ತಿರುವು ಇದೇ. ಕವಾಟವನ್ನು ಥಟ್ಟನೆ ಮುಚ್ಚಿದಾಗ ಕೊಳವೆಯಲ್ಲಿ ಎದ್ದು ಹಿಂದಕ್ಕೋಡುವ ಒತ್ತಡದ ಅಲೆಯನ್ನು ಫ್ರಾನ್ಸಿನ ಲೂಯಿ ಬರ್ಜೆರಾನ್ ರೇಖಾಚಿತ್ರದಿಂದ ಬಿಡಿಸುತ್ತಿದ್ದರು. ಸಿಡಿಲಿನ ಅಲೆಗೂ ಅದೇ ವಿಧಾನ ಸಲ್ಲುತ್ತದೆಂದು ತೋರಿಸಿದರು. ಹರ್ಮನ್ ಡಾಮೆಲ್ 1969ರ ಪ್ರಬಂಧದಲ್ಲಿ ಅದನ್ನು ಗಣಕದ ಲೆಕ್ಕವಾಗಿಸಿದರು. ಮಾರ್ಗದ ಪ್ರತಿ ತುದಿಯೂ ಒಂದು ರೋಧ, ಅದರ ಪಕ್ಕದಲ್ಲೊಂದು ಪ್ರವಾಹ ಆಕರ, ಇಷ್ಟೇ ಆಯಿತು. ಆ ರೋಧದ ಬೆಲೆ ಪ್ರೇರಕತೆಯನ್ನು ಧಾರಕತೆಯಿಂದ ಭಾಗಿಸಿ ತೆಗೆದ ವರ್ಗಮೂಲ. ಕಂಬದ ಮೇಲಿನ ತಂತಿಗೆ ಕೆಲವು ನೂರು ಓಮ್. ಆಕರದ ಬೆಲೆ ನಿರ್ಧಾರವಾಗುವುದು ಅಲೆಯ ಪಯಣದ ಅವಧಿಯಷ್ಟು ಹಿಂದೆ ಎದುರು ತುದಿಯಲ್ಲಿದ್ದ ವೋಲ್ಟೇಜು, ಪ್ರವಾಹಗಳಿಂದ. ಅದು ಆಗಲೇ ಗೊತ್ತಿರುವ ಸಂಗತಿ. ಹೀಗಾಗಿ ಆ ಗಳಿಗೆಯ ಮಟ್ಟಿಗೆ ಎರಡು ತುದಿಗಳನ್ನೂ ಬೇರೆಬೇರೆಯಾಗಿ ಬಿಡಿಸಬಹುದು. ತೊಡಕೆನಿಸಿದ್ದ ವಿಳಂಬವೇ ಲೆಕ್ಕವನ್ನು ಹಗುರಗೊಳಿಸಿತು.

ನಷ್ಟದ ವಿಷಯದಲ್ಲಿ ಮಾತ್ರ ಡಾಮೆಲ್ ಮಾದರಿ ಒರಟು: ತಂತಿಯ ಒಟ್ಟು ರೋಧದ ಅರ್ಧ ನಡುವಿಗೆ, ಕಾಲುಕಾಲು ಭಾಗ ತುದಿಗಳಿಗೆ. ಈ ರೋಧ ಸ್ಥಿರವೆಂದೇ ಲೆಕ್ಕ. ಆದರೆ ನೆಲದ ಮೂಲಕ ಮರಳುವ ಪ್ರವಾಹದ ರೋಧವೂ ಪ್ರೇರಕತೆಯೂ ಆವರ್ತಾಂಕದೊಡನೆ ಬದಲಾಗುತ್ತವೆಂದು ಜಾನ್ ಕಾರ್ಸನ್ 1926ರಲ್ಲೇ ತೋರಿಸಿದ್ದರು. ಅದನ್ನು ಕಾಲದ ಲೆಕ್ಕದೊಳಗೆ ಸಮರ್ಪಕವಾಗಿ ತಂದದ್ದು 1982ರ ಹೊಸೆ ಮಾರ್ತಿ ಮಾದರಿ.

ಇಂದಿನ ನೈಜಕಾಲದ ಸಿಮ್ಯುಲೇಟರುಗಳು ದೊಡ್ಡ ಜಾಲವನ್ನು ಹಲವು ಪ್ರೊಸೆಸರುಗಳಿಗೆ ಹಂಚುವಾಗ, ವಿಳಂಬದಿಂದಾಗಿ ತುದಿಗಳನ್ನು ಬೇರೆಬೇರೆಯಾಗಿ ಬಿಡಿಸಬಹುದಾದ ಪ್ರಸರಣ ಮಾರ್ಗಗಳ ಬಳಿಯೇ ಕತ್ತರಿಸುತ್ತವೆ. ಇದಕ್ಕೆ ಅಲೆಯ ಪಯಣದ ಅವಧಿ ಲೆಕ್ಕದ ಒಂದು ಕಾಲಹೆಜ್ಜೆಗಿಂತ ಕಡಿಮೆಯಿರಬಾರದು; 50 ಮೈಕ್ರೋಸೆಕೆಂಡಿನ ಹೆಜ್ಜೆಗೆ ಕನಿಷ್ಠ 15 ಕಿ.ಮೀ. ಮಾರ್ಗ ಬೇಕು. ಅದಕ್ಕಿಂತ ಗಿಡ್ಡ ಮಾರ್ಗವಾದರೆ ಸಾಮಾನ್ಯವಾಗಿ ಮತ್ತೆ ಪೈ ಮಂಡಲವನ್ನೇ ಹೂಡುತ್ತಾರೆ.