ಮಾಯಾರಣ: ವರ್ಚುವಲ್ ರಿಯಾಲಿಟಿಯ ಯುದ್ಧಕ್ರೀಡೆಗಳ ಪೂರ್ವಕಥೆ

1749ರಲ್ಲಿ ದೇವನಹಳ್ಳಿಯ ಕೋಟೆಯನ್ನು ಮುತ್ತಿ ಹಿಡಿದ ಮೈಸೂರಿನ ಕರಾಚೂರಿ ನಂಜರಾಜಯ್ಯನು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಅಪರಿಚಿತನಲ್ಲ. ನರಸಿಂಹಕವಿಯ ‘ನಂಜರಾಜಯಶೋಭೂಷಣ’ಕ್ಕೆ ಆತನೇ ನಾಯಕನು. ವಿದ್ಯಾನಾಥನ ‘ಪ್ರತಾಪರುದ್ರೀಯ’ದ ಮಾದರಿಯಲ್ಲಿ ರಚಿತವಾದ ಆ ಗ್ರಂಥದಲ್ಲಿ ನಾಟಕಲಕ್ಷಣಕ್ಕೆ ಉದಾಹರಣೆಯಾಗಿ ಒಂದು ಇಡೀ ನಾಟಕವೇ ಅಡಕವಾಗಿದೆ. ಆದರೆ ಅದರ ವಸ್ತು ಚಂದ್ರಕಲೆಯೆಂಬ ಕನ್ಯೆಯ ವಿವಾಹವೇ ಹೊರತು ಕೋಟೆಯ ಮುತ್ತಿಗೆಯಲ್ಲ. ಹೈದರಾಲಿಯ ಶೌರ್ಯವು ಮೊದಲು ಗಣ್ಯರ ಕಣ್ಣಿಗೆ ಬಿದ್ದುದು ಆ ಮುತ್ತಿಗೆಯಲ್ಲಿ. ಇಷ್ಟು ದೊಡ್ಡ ಪ್ರಸಂಗವನ್ನು ಬಿಟ್ಟು ಕವಿಯು ಮದುವೆಯನ್ನು ಆರಿಸಿಕೊಂಡುದಕ್ಕೆ ಆತನ ಅಭಿರುಚಿಯೊಂದೇ ಕಾರಣವೆನ್ನಲಾಗದು. ಶಾಸ್ತ್ರವೂ ಅವನ ಕೈಯನ್ನು ತಡೆದಿತ್ತು.

ಭರತಮುನಿಯು ದಶರೂಪಕಗಳ ಲಕ್ಷಣವನ್ನು ಹೇಳುವಾಗ ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಈ ನಾಲ್ಕನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದು, ಪ್ರವೇಶಕಗಳ ಮೂಲಕ ಸೂಚಿಸಬೇಕು ಎಂದು ವಿಧಿಸಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ಭಾಸನ ‘ಊರುಭಂಗ’ದಂಥ ಅಪವಾದಗಳು ಉಂಟು. ನಮ್ಮ ಬಯಲುಸೀಮೆಯ ಮೂಡಲಪಾಯದ ಆಟಗಳಲ್ಲಿ ಯುದ್ಧವು ರಂಗದ ಮೇಲೆ ನಡೆಯುವುದಾದರೂ ಅದು ಕುಣಿತವಾಗಿ ನಡೆಯುತ್ತದೆ. ಭಾಗವತನ ಪದವೂ ಮದ್ದಳೆಯ ಪೆಟ್ಟೂ ಕತ್ತಿಯ ಏಟಿಗೂ ನೋಡುವವನ ಮೈಗೂ ನಡುವೆ ನಿಂತಿರುತ್ತವೆ. ಒಟ್ಟಿನಲ್ಲಿ ನಮ್ಮ ದೃಶ್ಯಪರಂಪರೆಯು ಕಾಳಗವನ್ನು ಎಷ್ಟು ಹತ್ತಿರ ತರಬಹುದೆಂಬುದಕ್ಕೆ ಒಂದು ಮೇರೆಯನ್ನು ಇಟ್ಟುಕೊಂಡಿತ್ತು.

ಇಂದು ವಿಡಿಯೊ ಗೇಮ್ ಎಂದು ಕರೆಯಿಸಿಕೊಳ್ಳುವ ಯಂತ್ರಕ್ರೀಡೆಗಳಲ್ಲಿ ‘ಶೂಟರ್’ ಎಂಬ ವರ್ಗವು ಭರತನು ನಿಷೇಧಿಸಿದ ಈ ನಾಲ್ಕನ್ನೇ ತನ್ನ ಸರ್ವಸ್ವವನ್ನಾಗಿ ಮಾಡಿಕೊಂಡಿದೆ. ಅದರಲ್ಲಿಯೂ ವರ್ಚುವಲ್ ರಿಯಾಲಿಟಿಯ ಶೂಟರ್ ಆಟದಲ್ಲಿ ಆಡುವವನು ಕಣ್ಣನ್ನು ಪೂರ್ತಿಯಾಗಿ ಮುಚ್ಚುವ ಹೆಡ್‌ಸೆಟ್ಟನ್ನು ತಲೆಗೆ ಕಟ್ಟಿಕೊಂಡು, ಎರಡು ಕೈಗಳಲ್ಲೂ ಕಂಟ್ರೋಲರುಗಳನ್ನು ಹಿಡಿದು, ಕಂಪ್ಯೂಟರು ರಚಿಸಿದ ರಣರಂಗದ ಒಳಗೇ ನಿಲ್ಲುತ್ತಾನೆ. ತಲೆ ತಿರುಗಿಸಿದರೆ ಆ ಲೋಕವೂ ತಿರುಗುತ್ತದೆ. ಕೈ ಎತ್ತಿದರೆ ಬಂದೂಕು ಏಳುತ್ತದೆ. ಇಂಥ ಆಟಗಳ ಕಥೆಗಳು ಬಹುಮಟ್ಟಿಗೆ ಅನ್ಯಗ್ರಹದ ಜೀವಿಗಳು, ಯಂತ್ರಮಾನವರು, ಪರಾಧೀನವಾದ ಭವಿಷ್ಯದ ನಗರಗಳು ಮುಂತಾದ ವೈಜ್ಞಾನಿಕ ಕಲ್ಪನೆಗಳಾದುದರಿಂದ ಇವು ಕಾವ್ಯಕುಲದ ಕಿರಿಯ ಸಂತಾನವೆಂದು ಸಾಹಿತ್ಯದವರು ಎಣಿಸುವುದು ಸಹಜ. ಚರಿತ್ರೆಯು ಬೇರೆ ಕಥೆಯನ್ನು ಹೇಳುತ್ತದೆ. ಇವುಗಳ ತಾಯಿಮನೆ ರಂಗಶಾಲೆಯಲ್ಲ, ಗರಡಿ.

ಇದಕ್ಕೆ ಸಾಕ್ಷಿಯು ದೇವನಹಳ್ಳಿಯಲ್ಲಿಯೇ ಇದೆ. 2008ರಲ್ಲಿ ತೆರೆದ ವಿಮಾನನಿಲ್ದಾಣದ ಸಮೀಪದಲ್ಲಿ, ಹಳೆಯ ಕೋಟೆಗೆ ಬಹುದೂರವಲ್ಲದ ಕಡೆ, ಸಿ.ಎ.ಇ. ಸಂಸ್ಥೆಯ ವೈಮಾನಿಕ ಶಿಕ್ಷಣ ಕೇಂದ್ರವೊಂದಿದೆ. ಅಲ್ಲಿ ವಿಮಾನ ನಡೆಸುವವರು ನೆಲವನ್ನು ಬಿಡದೆ ಹಾರಾಟವನ್ನು ಕಲಿಯುತ್ತಾರೆ. ವಿಮಾನದ ಮುಂಭಾಗದಂತಿರುವ ಕೋಣೆಯಲ್ಲಿ ಕುಳಿತವನಿಗೆ ಕಿಟಕಿಯಲ್ಲಿ ಕೃತಕವಾದ ಓಡುದಾರಿ ಕಾಣುತ್ತದೆ, ಕೋಣೆಯೇ ಓಲಾಡುತ್ತದೆ, ಕೃತಕವಾದ ಅಪಾಯವು ಒದಗಿದಾಗ ನಿಜವಾದ ಬೆವರು ಇಳಿಯುತ್ತದೆ. ಈ ವಿದ್ಯೆಯ ಆದಿಪುರುಷನು ಅಮೆರಿಕದ ಎಡ್ವಿನ್ ಲಿಂಕ್. ಅವನ ತಂದೆಯದು ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆ. ಆ ವಾದ್ಯಗಳ ತಿದಿಗಳನ್ನೇ ಬಳಸಿಕೊಂಡು ಆತನು 1929ರಲ್ಲಿ ಓಲಾಡುವ ಕೃತಕ ವಿಮಾನವನ್ನು ನಿರ್ಮಿಸಿದನು. ಸಂಗೀತಯಂತ್ರದ ಉಸಿರಿನಿಂದ ಹುಟ್ಟಿದ ಈ ಸಾಧನವು ಎರಡನೆಯ ಮಹಾಯುದ್ಧದಲ್ಲಿ ಸಹಸ್ರಾರು ಯುದ್ಧವೈಮಾನಿಕರನ್ನು ತಯಾರು ಮಾಡಿತು.

ಕವಿಗಳ ಪಾಲು ಇರಲಿಲ್ಲವೆಂದಲ್ಲ. 1935ರಲ್ಲಿ ಸ್ಟಾನ್ಲಿ ವೈನ್‌ಬಾಮ್ ಎಂಬ ಅಮೆರಿಕದ ಕತೆಗಾರನು ‘ಪಿಗ್ಮೇಲಿಯನ್ಸ್ ಸ್ಪೆಕ್ಟಕಲ್ಸ್’ ಎಂಬ ಕಥೆಯಲ್ಲಿ, ಧರಿಸಿದವನನ್ನು ಕಥೆಯೊಳಕ್ಕೇ ಕೊಂಡೊಯ್ಯುವ ಕನ್ನಡಕವನ್ನು ಕಲ್ಪಿಸಿದನು. ಫ್ರಾನ್ಸಿನ ಆಂತೊನಿನ್ ಆರ್ತೊ 1938ರಲ್ಲಿ ಪ್ರಕಟವಾದ ತನ್ನ ನಾಟಕಮೀಮಾಂಸೆಯಲ್ಲಿ ‘ವರ್ಚುವಲ್ ರಿಯಾಲಿಟಿ’ಗೆ ಸಮನಾದ ಫ್ರೆಂಚ್ ಮಾತನ್ನು ರಂಗಭೂಮಿಯ ಮಾಯೆಗೆ ಹೆಸರಾಗಿ ಬಳಸಿದನು. ಯಂತ್ರಕ್ಕಿಂತ ಮೊದಲು ಹೆಸರು ಹುಟ್ಟಿತು. ಹುಟ್ಟಿದುದು ನಾಟ್ಯಶಾಸ್ತ್ರದ ಗ್ರಂಥದಲ್ಲಿ ಎಂಬುದು ಗಮನಾರ್ಹ. ಆದರೆ ಈ ಕಲ್ಪನೆಗಳಿಂದ ಯಂತ್ರವು ಬೆಳೆಯಲಿಲ್ಲ.

ಯಂತ್ರವು ಬೆಳೆದುದು ಐವಾನ್ ಸದರ್‌ಲೆಂಡ್ ಎಂಬ ವಿಜ್ಞಾನಿಯಿಂದ. ಈತನು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದವನು. 1965ರ ಒಂದು ಕಿರುಲೇಖನದಲ್ಲಿ ಆತನು, ಒಂದು ಕೋಣೆಯೊಳಗಿನ ವಸ್ತುಗಳ ಇರವನ್ನೇ ಕಂಪ್ಯೂಟರು ಆಳುವಂತಾದರೆ ಅದೇ ಪರಮಾವಧಿಯ ದೃಶ್ಯಯಂತ್ರವೆಂದು ಹೇಳಿ, ಅಲ್ಲಿ ತೋರಿಸಿದ ಕುರ್ಚಿಯ ಮೇಲೆ ಕುಳಿತುಕೊಳ್ಳಬಹುದು, ತೋರಿಸಿದ ಗುಂಡು ಪ್ರಾಣವನ್ನು ತೆಗೆಯುವುದು ಎಂಬ ಅಭಿಪ್ರಾಯವನ್ನು ಕೊಟ್ಟನು. ಮೂರು ವರ್ಷಗಳ ಅನಂತರ, 1968ರಲ್ಲಿ, ಚಾವಣಿಯಿಂದ ತೂಗುಬಿಟ್ಟ ಮೊದಲ ಹೆಡ್‌ಸೆಟ್ಟನ್ನು ಆತನು ತೋರಿಸಿದಾಗ ಅದರಲ್ಲಿ ಕಂಡುದು ಬರಿಯ ಗೆರೆಗಳ ಆಕೃತಿಗಳು. ಗುಂಡು ಮಾತಿನಲ್ಲಿ ಮಾತ್ರ ಇತ್ತು. ಆದರೂ ಈ ವಿದ್ಯೆಯ ಆದಿಲೇಖನದಲ್ಲಿಯೇ ಗುಂಡಿನ ನಿದರ್ಶನವು ಬಂದಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ವೇದಾಂತಿಗಳಿಗೆ ಈ ಗುಂಡು ಹೊಸದೇನೂ ಅಲ್ಲ. ಅಸತ್ಯದಿಂದ ಸತ್ಯವಾದ ಕಾರ್ಯವು ಹುಟ್ಟಬಲ್ಲುದೇ ಎಂಬ ಆಕ್ಷೇಪಕ್ಕೆ ಸಮಾಧಾನ ಹೇಳುತ್ತ ಶಂಕರಾಚಾರ್ಯರು ಸೂತ್ರಭಾಷ್ಯದ ಆರಂಭಣಾಧಿಕರಣದಲ್ಲಿ ಶಂಕಾವಿಷದ ದೃಷ್ಟಾಂತವನ್ನು ಎತ್ತಿದ್ದಾರೆ: ವಿಷವೇರಿತೆಂಬ ಶಂಕೆಯಿಂದಲೇ ಮರಣವು ಸಂಭವಿಸುವುದುಂಟು. ಸದರ್‌ಲೆಂಡನು ಮಾಯಾವಸ್ತುವಿಗೆ ವ್ಯಾವಹಾರಿಕ ಸತ್ತೆಯನ್ನೇ ಕೊಡಬಯಸಿದನು. ಆಚಾರ್ಯರ ದೃಷ್ಟಾಂತದಲ್ಲಿ ಅದರ ಅಗತ್ಯವೇ ಇಲ್ಲ. ಮುಂದಿನ ಚರಿತ್ರೆಯು ಆಚಾರ್ಯರ ದಾರಿಯನ್ನೇ ಹಿಡಿಯಿತು.

1980ರಲ್ಲಿ ಅಟಾರಿ ಸಂಸ್ಥೆಯು ‘ಬ್ಯಾಟಲ್‌ಜೋನ್’ ಎಂಬ ಆಟವನ್ನು ಹೊರತಂದಿತು. ಆಡುವವನು ಟ್ಯಾಂಕಿನ ಒಳಗಿನಿಂದ ನೋಡುವಂತೆ ಒಂದು ಇಣುಕುಗಂಡಿಗೆ ಕಣ್ಣಿಟ್ಟು, ಹಸುರು ಗೆರೆಗಳಿಂದ ರಚಿತವಾದ ಬಯಲಿನಲ್ಲಿ ಶತ್ರುಗಳನ್ನು ಹೊಡೆಯಬೇಕು. ಅಮೆರಿಕದ ಸೈನ್ಯವು ಇದನ್ನು ಕಂಡು, ತನ್ನ ಬ್ರ್ಯಾಡ್ಲಿ ಕವಚವಾಹನದ ಗುರಿಕಾರರ ಶಿಕ್ಷಣಕ್ಕಾಗಿ ಇಂಥದೇ ಒಂದು ಯಂತ್ರವನ್ನು ಮಾಡಿಸಿತು. ಆಟವನ್ನು ರಚಿಸಿದ ಎಡ್ ರಾಟ್‌ಬರ್ಗನು ಆ ಕೆಲಸವನ್ನು ಮನಸ್ಸಿಲ್ಲದೆ ಮಾಡಿದನು. ಇಲ್ಲಿ ಆಟವೇ ಗರಡಿಯಾಯಿತು. ವಾಯುಸೇನೆಯಲ್ಲಿ ಇದಕ್ಕೆ ವಿಪರೀತವಾದ ನಡೆ: ಥಾಮಸ್ ಫರ್ನೆಸ್ ಮೊದಲಾದವರು ಯುದ್ಧವೈಮಾನಿಕರಿಗಾಗಿ ಕಲ್ಪಿಸಿದ ಶಿರಸ್ತ್ರಾಣಗಳ ವಿದ್ಯೆಯು ಆಟದ ಮನೆಗೆ ಇಳಿಯಿತು. ‘ವರ್ಚುವಲ್ ರಿಯಾಲಿಟಿ’ ಎಂಬ ಇಂಗ್ಲಿಷ್ ಹೆಸರನ್ನು ಲೋಕಪ್ರಸಿದ್ಧಗೊಳಿಸಿದವನು ಅದೇ ದಶಕದಲ್ಲಿ ಕೈಗವಸು, ಹೆಡ್‌ಸೆಟ್ಟುಗಳನ್ನು ಮಾರಿದ ಜೇರನ್ ಲೇನಿಯರ್.

1991ರಲ್ಲಿ ಇಂಗ್ಲೆಂಡಿನ ಲೆಸ್ಟರಿನಿಂದ ‘ಡ್ಯಾಕ್ಟಿಲ್ ನೈಟ್‌ಮೇರ್’ ಎಂಬ ಆಟ ಬಂದಿತು. ಆಡುವವರು ಸುತ್ತು ಕಟಕಟೆಯುಳ್ಳ ಪೀಠಗಳ ಮೇಲೆ ನಿಂತು, ಚದುರಂಗದ ಹಾಸಿನಂಥ ನೆಲದಲ್ಲಿ ಒಬ್ಬರನ್ನೊಬ್ಬರು ಹುಡುಕಿ ಗುಂಡು ಹಾರಿಸಬೇಕು; ನಡುವೆ ರೆಕ್ಕೆಯುಳ್ಳ ಪುರಾತನ ಸರೀಸೃಪವೊಂದು ಎರಗಿ ಎತ್ತಿಕೊಂಡು ಹೋಗುವುದು. ಚಿತ್ರಗಳು ಮಕ್ಕಳ ಕಾಗದದ ಬೊಂಬೆಗಳಂತಿದ್ದುವು. ಯಂತ್ರದ ವೇಗ ಸಾಲದು. ಕಣ್ಣು ನಡೆದೆನೆಂದರೆ ಕಿವಿಯೊಳಗಿನ ಸಮತೋಲನೇಂದ್ರಿಯವು ನಿಂತಿದ್ದೇನೆ ಎನ್ನುವುದು. ಈ ಜಗಳದಿಂದ ಓಕರಿಕೆ. ಮಯನ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಬಗೆದು ಬಿದ್ದುದು ಇದೇ ಜಾತಿಯ ಸಂಕಟ. 1995ರಲ್ಲಿ ಜಪಾನಿನ ನಿಂಟೆಂಡೊ ತಂದ ‘ವರ್ಚುವಲ್ ಬಾಯ್’ ಕೆಂಪು ಬಣ್ಣವೊಂದನ್ನೇ ತೋರಿಸುತ್ತಿದ್ದು, ಮರುವರ್ಷವೇ ನಿಂತುಹೋಯಿತು. ಮುಂದೆ ಹದಿನೈದು ವರ್ಷಗಳಿಗೂ ಮೀರಿ ಈ ಕಥೆಯಲ್ಲಿ ಹೇಳತಕ್ಕದ್ದು ವಿಶೇಷವೇನೂ ಇಲ್ಲ.

2012ರಲ್ಲಿ ಪಾಮರ್ ಲಕ್ಕಿ ಎಂಬ ತರುಣನ ‘ಆಕ್ಯುಲಸ್ ರಿಫ್ಟ್’ ಜನರ ವಂತಿಗೆಯಿಂದ ಸುಮಾರು 24 ಲಕ್ಷ ಡಾಲರುಗಳನ್ನು ಕೂಡಿಸಿಕೊಂಡು ಮತ್ತೆ ಜೀವ ಕೊಟ್ಟಿತು. 2014ರಲ್ಲಿ ಫೇಸ್‌ಬುಕ್ಕು ಅದನ್ನು 200 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. 2016ರಲ್ಲಿ ಸಾಮಾನ್ಯರ ಕೈಗೆ ಹೆಡ್‌ಸೆಟ್ಟುಗಳು ಬಂದುವು. ‘ರೋಬೊ ರಿಕಾಲ್’, ‘ಫಾರ್‌ಪಾಯಿಂಟ್’ ಮೊದಲಾದ ಶೂಟರುಗಳು 2017ರಲ್ಲಿ ಹುಟ್ಟಿದುವು. ಇವುಗಳಿಗೆಲ್ಲ ಕಲಶವಿಟ್ಟಂತೆ 2020ರ ಮಾರ್ಚ್ 23ರಂದು ವಾಲ್ವ್ ಸಂಸ್ಥೆಯ ‘ಹಾಫ್-ಲೈಫ್: ಆಲಿಕ್ಸ್’ ಪ್ರಕಟವಾಯಿತು. ಅದಾದ ಎರಡೇ ದಿನಗಳಲ್ಲಿ ಭರತಖಂಡವೆಲ್ಲ ಲಾಕ್‌ಡೌನಿನಲ್ಲಿ ಮನೆಯೊಳಗೆ ಕುಳಿತಿತು.

ಈ ಆಟದ ನಾಯಿಕೆ ಆಲಿಕ್ಸ್. ಸ್ಥಳ, ಅನ್ಯಲೋಕದವರು ಆಕ್ರಮಿಸಿಕೊಂಡಿರುವ ‘ಸಿಟಿ 17’. ಪಿಸ್ತೂಲಿನ ಗುಂಡು ಮುಗಿದರೆ ಒಂದು ಗುಂಡಿಯೊತ್ತಿ ತುಂಬಿಕೊಳ್ಳುವ ಹಳೆಯ ಪದ್ಧತಿ ಇಲ್ಲಿಲ್ಲ. ಬರಿದಾದ ಕೋಶವನ್ನು ಬೀಳಿಸಿ, ಹೆಗಲ ಹಿಂದಕ್ಕೆ ಕೈಚಾಚಿ ಹೊಸದನ್ನು ತೆಗೆದು, ತೂರಿಸಿ, ಮೇಲುಭಾಗವನ್ನು ಎಳೆಯಬೇಕು. ಎದುರಿನಿಂದ ಶತ್ರು ಬರುತ್ತಿರುವಾಗ ಕೈ ನಡುಗಿ ಕೋಶವು ನೆಲಕ್ಕೆ ಬಿದ್ದರೆ ಬಿದ್ದಂತೆಯೇ. ಇದು ಅಭಿನಯವಲ್ಲ, ಅಭ್ಯಾಸ. ಗರಡಿಯ ಉಸ್ತಾದನು ಒಪ್ಪುವಂಥದು.

ರಸಮೀಮಾಂಸೆಯ ತೊಡಕು ಇರುವುದು ಇಲ್ಲಿಯೇ. ‘ಶಾಕುಂತಲ’ದ ಮೊದಲಂಕದಲ್ಲಿ ಬೆದರಿ ಓಡುವ ಜಿಂಕೆಯನ್ನು ಉದಾಹರಿಸಿ ಅಭಿನವಗುಪ್ತನು, ಸಹೃದಯನು ಅನುಭವಿಸುವ ಭಯವು ಜಿಂಕೆಯದೂ ಅಲ್ಲ, ತನ್ನದೂ ಅಲ್ಲ, ದೇಶಕಾಲಗಳ ಕಟ್ಟನ್ನು ಕಳಚಿಕೊಂಡದ್ದು ಎಂದು ನಿರೂಪಿಸಿದ್ದಾನೆ. ಹೆಡ್‌ಸೆಟ್ಟು ಧರಿಸಿದವನ ಭಯವಾದರೋ ಕೇವಲ ತನ್ನದು. ಸಾಧಾರಣೀಕರಣವಿಲ್ಲದ ಕಡೆ ಭಯಾನಕರಸವಿಲ್ಲ, ಬರಿಯ ಭಯವುಂಟು.

ಆದರೆ ಈ ನಿರ್ಣಯಕ್ಕೆ ಪ್ರತಿಕೂಲವಾದ ಒಂದು ಪ್ರಕರಣವು ಅದೇ ಆಟದಲ್ಲಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ‘ಜೆಫ್’ ಎಂಬ ಅಧ್ಯಾಯದಲ್ಲಿ ಬರುವ ವಿಕಾರಜೀವಿಗೆ ಕಣ್ಣಿಲ್ಲ, ಕಿವಿ ಮಾತ್ರ ಉಂಟು. ಗುಂಡುಗಳಿಂದ ಅದು ಸಾಯುವುದಿಲ್ಲ. ಸೀಸೆಯೊಂದು ಉರುಳಿದರೂ ಅದು ಬಂದೆರಗುತ್ತದೆ. ವಿಷಧೂಳಿಯಿಂದ ಆಲಿಕ್ಸಳಿಗೆ ಕೆಮ್ಮು ಬರುವಾಗ ಆಡುವವನು ಕೈಯನ್ನು ತನ್ನ ಬಾಯಿಗೆ ಅಡ್ಡವಾಗಿ ಹಿಡಿದುಕೊಂಡೇ ನಡೆಯಬೇಕು. ಬಾಯಿ ಮುಚ್ಚಿ ನಿಂತವನಿಗೆ ಆ ಕುರುಡುಜೀವಿಯ ನರಳಾಟವನ್ನು ಕೇಳುವುದಕ್ಕೆ ಅವಕಾಶವಾಗುತ್ತದೆ. ಅದೂ ಹಿಂದೊಮ್ಮೆ ಮನುಷ್ಯನಾಗಿತ್ತೆಂಬ ಅರಿವಿನಿಂದ ಭಯದೊಳಕ್ಕೆ ಕರುಣವು ನುಸುಳುತ್ತದೆ. ಶೂಟರ್ ಆಟವೊಂದರ ಅತ್ಯುತ್ತಮ ಭಾಗವು ಗುಂಡಿಗೆ ಕೆಲಸವಿಲ್ಲದ ಭಾಗ. ಗರಡಿಯ ಈ ಕೂಸು ರಂಗಶಾಲೆಯ ಹೊಸಿಲನ್ನು ತುಳಿದುದು ಇಲ್ಲಿ ಎಂದು ಹೇಳಲು ಅಡ್ಡಿಯಿಲ್ಲ.

ಈ ಚರಿತ್ರೆಯಲ್ಲಿ ಬೆಂಗಳೂರಿನ ಪಾಲನ್ನೂ ಸ್ಮರಿಸಬೇಕು. 1997ರಲ್ಲಿ ರಾಜೇಶ್ ರಾವ್ ಅವರು ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಸಂಸ್ಥೆಯು ನಮ್ಮ ದೇಶದ ಆಟನಿರ್ಮಾಣದಲ್ಲಿ ಅಗ್ರಗಾಮಿಯಾದುದು; ಪರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರರಚನೆಯೇ ಅದರ ಮುಖ್ಯ ಕಸುಬಾಯಿತು. 2016ರ ಕೊನೆಯಲ್ಲಿ ಅದನ್ನು ಕೊಳ್ಳುವುದಾಗಿ ಸಾರಿದ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯು ‘ಸ್ಟಾರ್ ವಿ.ಆರ್.’ ಎಂಬ ವಿಶಾಲದೃಷ್ಟಿಯ ಹೆಡ್‌ಸೆಟ್ಟಿನಲ್ಲಿಯೂ ಹಣ ತೊಡಗಿಸಿತ್ತು. 2018ರ ಡಿಸೆಂಬರಿನಲ್ಲಿ ಸ್ಟಾರ್‌ಬ್ರೀಜ್ ಹಣದ ಮುಗ್ಗಟ್ಟಿಗೆ ಸಿಕ್ಕಿತು. 2019ರಲ್ಲಿ ಧ್ರುವವು ರಾಕ್‌ಸ್ಟಾರ್ ಸಂಸ್ಥೆಯ ವಶವಾಯಿತು. ಕೈಗಳು ಇಲ್ಲಿಯವು, ಕಥೆಗಳು ಅಲ್ಲಿಯವು.

ಕೊನೆಗೆ ಹೆಸರಿನ ಮಾತು. ‘ಮಿಥ್ಯಾವಾಸ್ತವ’ ಎಂಬ ಅನುವಾದವು ಕನ್ನಡದಲ್ಲಿ ಬಳಕೆಗೆ ಬಂದಿದೆ. ಲೋಕದಲ್ಲಿ ಮಿಥ್ಯೆಯೆಂದರೆ ಸುಳ್ಳು ಎಂದೇ ಅರ್ಥವಾಗುವುದರಿಂದ ಇದು ಬಂಜೆಯ ಮಗನೆಂದಂತೆ ಕೇಳಿಸುತ್ತದೆ. ಶಾಸ್ತ್ರದಲ್ಲಿ ಸತ್ತೆಯು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಮೂರು ಬಗೆ. ತೋರುವಷ್ಟು ಕಾಲ ಇದ್ದು, ಬಾಧಿತವಾದೊಡನೆ ಇಲ್ಲವಾಗುವ ಹಗ್ಗದ ಹಾವು ಮೂರನೆಯದು. ಹೆಡ್‌ಸೆಟ್ಟನ್ನು ಕಳಚುವುದೇ ಇಲ್ಲಿ ಬಾಧಕಜ್ಞಾನ. ಆದುದರಿಂದ ‘ಪ್ರಾತಿಭಾಸಿಕ ಕ್ರೀಡೆ’ ಎಂಬುದು ಹೆಚ್ಚು ಸಮಂಜಸವೆಂದು ತೋರುತ್ತದೆ. ಆಡುವ ಹುಡುಗರು ‘ವಿ.ಆರ್. ಗೇಮ್’ ಎನ್ನುವುದನ್ನು ಬಿಡಲಾರರು, ಬಿಡಬೇಕಾದುದೂ ಇಲ್ಲ; ನಿಘಂಟನ್ನು ರಚಿಸುವವರು ಮಾತ್ರ ಇದನ್ನು ಪರಾಂಬರಿಸಬಹುದು.