ಮಲೇರಿಯಾದ ಮದ್ದು ಹಿಡಿದ ಇನ್ನೊಂದು ದಾರಿ

ಮಲೇರಿಯಾ ಎಂದೊಡನೆ ನಮಗೆ ಸಿಕಂದರಾಬಾದು ನೆನಪಾಗುತ್ತದೆ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಪರಾವಲಂಬಿಯನ್ನು ಕಂಡದ್ದು ಅಲ್ಲಿಯೇ. ಆದರೆ ಅದಕ್ಕೂ ಮೂರು ವರ್ಷ ಮೊದಲು, ಲಂಡನ್ನಿನಲ್ಲಿ, ಮಲೇರಿಯಾದ ಮದ್ದು ಬೇರೊಂದು ದಾರಿ ಹಿಡಿದಿತ್ತು. 1894ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯ ಜೋಸೆಫ್ ಪೇನ್, ಲೂಪಸ್ ಎಂಬ ಚರ್ಮರೋಗಕ್ಕೆ ಕ್ವಿನೀನ್ ಕೊಟ್ಟು ಗುಣ ಕಂಡುದನ್ನು ವರದಿ ಮಾಡಿದನು.

ಲೂಪಸ್ ಚರ್ಮದಲ್ಲಿಯೇ ನಿಲ್ಲುವುದಿಲ್ಲ. ಕೆಲವರಲ್ಲಿ ಚರ್ಮದಡಿಯ ಕೊಬ್ಬಿನ ಪದರಕ್ಕೂ ಉರಿಯೂತ ಇಳಿಯುತ್ತದೆ. ಕೆನ್ನೆ, ತೋಳು, ತೊಡೆಗಳಲ್ಲಿ ನೋಯುವ ಗಂಟುಗಳು ಏಳುತ್ತವೆ. ಗಂಟು ಕರಗಿದ ಮೇಲೆ ಅಲ್ಲಿನ ಕೊಬ್ಬೂ ನಶಿಸಿ, ಅಳಿಸಲಾಗದ ಗುಳಿ ಉಳಿಯುತ್ತದೆ. ವಿಯೆನ್ನಾದ ಕಪೋಸಿ 1883ರಲ್ಲಿಯೇ ಇಂತಹ ಗಂಟುಗಳನ್ನು ವರ್ಣಿಸಿದ್ದನು. ಈಗ ಇದನ್ನು ಲೂಪಸ್ ಪ್ಯಾನಿಕ್ಯುಲೈಟಿಸ್ ಎನ್ನುತ್ತಾರೆ. ಮುಖದ ಮೇಲಿನ ಆ ಗುಳಿಯನ್ನು ತಡೆಯಬೇಕಾದರೆ ಉರಿಯೂತವನ್ನು ಬೇಗನೆ ತಣಿಸಬೇಕು.

ಪೇನ್‌ನ ಮಾತಿಗೆ ಬಲ ಬಂದದ್ದು ಅರ್ಧ ಶತಮಾನದ ನಂತರ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಮಲೇರಿಯಾ ತಡೆಯಲು ನುಂಗಿಸುತ್ತಿದ್ದ ಮೆಪಾಕ್ರಿನ್ ಮಾತ್ರೆಯನ್ನು ಫ್ರಾನ್ಸಿಸ್ ಪೇಜ್ 18 ಮಂದಿ ಲೂಪಸ್ ರೋಗಿಗಳಿಗೆ ಕೊಟ್ಟು, 1951ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದನು. 1955ರಲ್ಲಿ ಅಮೆರಿಕದಲ್ಲಿ ಮಂಜೂರಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಕ್ರಮೇಣ ಅದರ ಸ್ಥಾನಕ್ಕೆ ಬಂದಿತು. ಕೊಬ್ಬಿನ ಪದರದ ಲೂಪಸ್‌ಗೆ ವೈದ್ಯರು ಇಂದಿಗೂ ಮೊದಲು ನೆನೆಯುವ ಮದ್ದುಗಳಲ್ಲಿ ಅದೊಂದು. ಜೀವಕೋಶದೊಳಗಿನ ಆಮ್ಲೀಯತೆಯನ್ನು ತಗ್ಗಿಸಿ, ದೇಹವು ತನ್ನ ಮೇಲೆಯೇ ತಿರುಗಿಬೀಳುವಂತೆ ಮಾಡುವ ಸಂಕೇತಗಳನ್ನು ಅದು ಮಂದಗೊಳಿಸುತ್ತದೆ. ಫಲ ಕಾಣಲು ವಾರಗಳಲ್ಲ, ತಿಂಗಳುಗಳು ಬೇಕು.

ಮದ್ದಿಗೆ ಬೆಲೆಯೂ ಉಂಟು. ಕ್ಲೋರೋಕ್ವಿನ್ ಕಣ್ಣಿನ ಅಕ್ಷಿಪಟಲವನ್ನು ಕೆಡಿಸಬಲ್ಲದೆಂದು 1959ರಲ್ಲಿ ತಿಳಿದುಬಂದಿತು. ಆದುದರಿಂದಲೇ ಇಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಪ್ರಮಾಣವನ್ನು ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರದಂತೆ ನೋಡಿಕೊಂಡು, ಕಣ್ಣಿನ ತಪಾಸಣೆ ಮಾಡಿಸುತ್ತಾರೆ.

2020ರಲ್ಲಿ ಕೋವಿಡ್‌ಗೆ ಇದೇ ಮದ್ದು ಎಂಬ ಮಾತು ಹಬ್ಬಿದಾಗ, ಅನೇಕ ದೇಶಗಳಲ್ಲಿ ಲೂಪಸ್ ರೋಗಿಗಳಿಗೇ ಮಾತ್ರೆ ಸಿಗದಾಯಿತು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳ ಸಾವನ್ನು ಅದು ತಗ್ಗಿಸದೆಂದು ಬ್ರಿಟನ್ನಿನ 'ರಿಕವರಿ' ಪ್ರಯೋಗವು ಆ ಜೂನ್‌ನಲ್ಲಿಯೇ ತೋರಿಸಿತು. ಲೂಪಸ್‌ಗೆ ಈ ಮದ್ದು ಸಲ್ಲುತ್ತದೆಂಬ ತಿಳಿವು ಮೂಡಲು ಪೇನ್‌ನಿಂದ ಪೇಜ್‌ವರೆಗೆ 57 ವರ್ಷ ಹಿಡಿದಿತ್ತು. ಕೋವಿಡ್‌ನ ವದಂತಿಗೆ ಕೆಲವೇ ವಾರ ಸಾಕಾದವು. ಮುಂದೊಮ್ಮೆ ಅಂಗಡಿಗೆ ಮುಗಿಬೀಳುವ ಮುನ್ನ, ಆ ಮಾತ್ರೆಯನ್ನೇ ನಂಬಿ ಬದುಕುವವರನ್ನು ನಾವು ನೆನೆಯಬೇಕಾಗಿದೆ.